ಮುನ್ನೀ ಬೀಯವರ ನಳ

ಮಾನ್ಯ ಪುರಸಭೆ ಅಧ್ಯಕ್ಷರೇ,

ನಮ್ಮ ಓಣಿಯ ಎದುರು ಸಾಲಿನಲ್ಲಿ ಒಂದು ನಳವನ್ನು ತಾವು ಕಡಿಸಿದ್ದೀರಿ. ಅದು ಮುನ್ನೀ ಬೀ ಅವರದು, ಎಪ್ಪತ್ತು ದಾಟಿದವರು. ಅಪರಾಧ, ಕೋಟೆ ಕಡೆಯ ನೀರನ್ನು ಗಂಜ್ ಕಡೆಗೆ ಕೊಟ್ಟದ್ದು. ಊರನ್ನು ಎರಡು ಕಡೆ ಮಾಡಿರುವ ಈ ಓಣಿಯಲ್ಲಿ ಗಂಜ್ ಕಡೆ ಎಂದರೆ ಅವರ ಬಾಗಿಲಿನಿಂದ ಹನ್ನೆರಡು ಹೆಜ್ಜೆ ಆಚೆಗಿರುವ ನನ್ನ ಮನೆ.

ಈ ಊರಲ್ಲಿ ಒಂದು ರೂಢಿಯಿತ್ತು. ಯಾರ ಪಾಳಿಯೇ ಇರಲಿ, ನೀರು ಬಿಡುವ ಹಂಪಣ್ಣ ಸಾವಾದ ಮನೆಯ ಕಡೆಗೆ ವಾಲ್ವ್ ತಿರುಗಿಸುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ, ಯಾರೂ ಬರೆದಿಡುತ್ತಿರಲಿಲ್ಲ. ಕಳೆದ ವರ್ಷ ತಾವು ಆದೇಶ ಹೊರಡಿಸಿ ಅದನ್ನು ಶಿಸ್ತಿಗೆ ತಂದಿರಿ. ಸಾವು ಕೂಡ ಪಾಳಿ ನೋಡಿಕೊಂಡು ಬರಬೇಕೆಂಬುದು ಆಡಳಿತದ ಅಪೇಕ್ಷೆ ಇರಬಹುದು. ನನ್ನ ಹೆಂಡತಿ ಸುನಂದಾಗೆ ಅದು ತಿಳಿದಿರಲಿಲ್ಲ. ಅವಳು ಮಂಗಳವಾರ ತೀರಿಕೊಂಡಳು. ಅಂದು ಕೋಟೆ ಕಡೆಯ ಪಾಳಿ, ನಮ್ಮದು ಗುರುವಾರ.

ಹಂಪಣ್ಣ ಬಂದು ಬಾಗಿಲಲ್ಲಿ ನಿಂತ. "ಆರ್ಡರ್ ಅದರೀ. ನನ್ನ ಕೈ ಕಟ್ಟಿಬಿಟ್ಟಾರ" ಎಂದ. ಅವಳ ಮೈ ತೊಳೆಯಲು ಮನೆಯಲ್ಲಿದ್ದದ್ದು ಅರ್ಧ ಕೊಡ ನೀರು. ಕಲ್ಲೂರಿನ ನೆಂಟರು ಆಗಲೇ ಬಸ್ಸಿಳಿಯುತ್ತಿದ್ದರು. ಮುನ್ನೀ ಬೀ ತಮ್ಮ ನಳಕ್ಕೆ ಪೈಪು ಸಿಕ್ಕಿಸಿ ಓಣಿಗೆ ಅಡ್ಡಲಾಗಿ ಎಳೆದು ತಂದರು. "ನೀ ಸುಮ್ಮ ಕುಂದ್ರು ತಮ್ಮಾ. ಹಂಡೆ ಎಲ್ಲಿ ಅದ, ಅಷ್ಟು ಹೇಳು."

ಅದಕ್ಕೆ ನೋಟಿಸು. ಸಭೆಯಲ್ಲಿ ಅವರನ್ನು ನಿಲ್ಲಿಸಿಕೊಂಡು ತಾವು ಕೇಳಿದಿರಿ: "ಏ ಮುದುಕಿ, ನಿಮ್ಮ ಕಡಿ ನೀರು ಆ ಕಡಿ ಯಾಕ ಕೊಟ್ಟಿ?"

"ಹೆಣ ಯಾವ ಕಡಿದ್ರೀ ಸಾಹೇಬ್ರ?"

ಎರಡೂ ಕಡೆಯ ಸದಸ್ಯರು ನಕ್ಕರು. ಇಷ್ಟು ವರ್ಷಗಳಲ್ಲಿ ಅವರು ಕೂಡಿ ಮಾಡಿದ ಕೆಲಸ ಬಹುಶಃ ಅದೊಂದೇ. ಆಮೇಲೆ ತಾವು ಆ ಆದೇಶಕ್ಕೆ ಮೂಲವಾದ ಅರ್ಜಿ ತೆಗೆದು ಓದಿದಿರಿ. ಒಂದು ಕಡೆಯ ನೀರು ಇನ್ನೊಂದು ಕಡೆಗೆ ಸಾವಿಗೂ ಹೋಗಬಾರದೆಂದು ನಮ್ಮ ಗಂಜ್‌ನವರೇ ಕೊಟ್ಟದ್ದು. ಅದರಲ್ಲಿ ಹನ್ನೊಂದನೇ ಸಹಿ ನನ್ನದು. ಚಹಾದಂಗಡಿಯಲ್ಲಿ ಯಾರೋ ಕಾಗದ ಚಾಚಿದ್ದರು. ಓದದೆ ಹಾಕಿದೆ ಎನ್ನಲಾರೆ, ಓದಿದ್ದೆ. ಮುನ್ನೀ ಬೀ ತಿರುಗಿ, ಹಿಂದಿನ ಸಾಲಿನಲ್ಲಿದ್ದ ನನ್ನನ್ನು ನೋಡಿದರು. ನಾನು ಏಳಲಿಲ್ಲ.

ಈಗ ಅವರು ಓಣಿ ದಾಟುವುದಿಲ್ಲ. ನನಗೆ ಗುರುವಾರ ತಪ್ಪದೆ ನೀರು ಬರುತ್ತದೆ. ಒಂದು ದಿನ ತುಂಬಿದ ಕೊಡವನ್ನು ಅವರ ಕಟ್ಟೆಯ ಮೇಲಿಟ್ಟು ಬಂದೆ. ಸಂಜೆ ಅದು ತುಂಬಿದ ಹಾಗೆಯೇ ನನ್ನ ಬಾಗಿಲಲ್ಲಿತ್ತು.

ಊರನ್ನು ಒಂದುಗೂಡಿಸಲು ತಾವು ಸಮಿತಿ ರಚಿಸುತ್ತೀರೆಂದು ಕೇಳಿದೆ. ಅಷ್ಟು ಶ್ರಮ ಬೇಡ. ಅರ್ಜಿಯಲ್ಲಿ ನನ್ನ ಹೆಸರು ಹೊಡೆದುಹಾಕಿ. ಸಾವಿನ ಮನೆಗೆ ನೀರು ಕೊಡುವುದನ್ನು ಮೊದಲಿನಂತೆ ಹಂಪಣ್ಣನಿಗೇ ಬಿಡಿ. ಆ ನಳ ಜೋಡಿಸಿಕೊಡಿ. ಮುಂದಿನ ಸಭೆಗೆ ಮುನ್ನೀ ಬೀಯವರನ್ನು ಕರೆಸಿ, ಮೊದಲು ಕುರ್ಚಿ ಕೊಟ್ಟು, ಎಲ್ಲರೆದುರು ಒಮ್ಮೆ 'ಬರ್ರಿ' ಎನ್ನಿ. ತಾವು ಅನ್ನದಿದ್ದರೂ ಈ ಸಲ ನಾನು ಎದ್ದು ನಿಲ್ಲುತ್ತೇನೆ.

ಇಂತಿ,
ತಮ್ಮ ಕಡತದ ಹನ್ನೊಂದನೇ ಸಹಿ,
ಮೌನೇಶ