ಬರ್ತೀನಿ ಅಂದುಬಿಟ್ಟೆ

9 ಫೆಬ್ರವರಿ 2004, ಸೋಮವಾರ

ಮೋಟಾರ್ ಕಾಯಿಲ್‌ಗೆ ತಂತಿ ಅರವತ್ತೆರಡು ಸುತ್ತು ಸುತ್ತಿದ್ದೆ. ಫೋನ್ ಬಂತು, ಎಣಿಕೆ ತಪ್ಪಿತು. ಮತ್ತೆ ಬಿಚ್ಚಿ ಒಂದರಿಂದ. ಫೋನೂ ರಾಂಗ್ ನಂಬರ್... ನನ್ನ ಹಣೆಬರಹ.

ಇವತ್ತೆಲ್ಲ ಇದೊಂದೇ ಮೋಟಾರ್. ಅದೂ ಎದುರುಗಡೆ ಹೂವಿನಂಗಡಿ ಬಸಮ್ಮನ ಗ್ರೈಂಡರ್‌ದು. ಬಾಳ್ಳುಪೇಟೇಲಿ ಸುಟ್ಟ ಮೋಟಾರ್ ರಿವೈಂಡಿಂಗ್ ಅಂಗಡಿ ತೆಗೆದು ಎಂಟು ತಿಂಗಳು. ಹೆಂಗಸು ಕಾಯಿಲ್ ಸುತ್ತೋದು ನೋಡೋಕೆ ಬರೋರು ಜಾಸ್ತಿ, ಮೋಟಾರ್ ತರೋರು ಕಮ್ಮಿ.

ಇವರು ನಿನ್ನೆ ಹೇಳೇಬುಟ್ರು. (ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತಾಳೆ ಅಮ್ಮ. ಬರೆದ್ರೆ ತಪ್ಪಿಲ್ಲ — ದಯಾನಂದ.) "ಕಾಫಿ ಹೂವಿನ ಕಾಲ ಒಂದು ನೋಡೋಣ. ಎಸ್ಟೇಟ್‌ನೋರು ಗಿಡಕ್ಕೆ ನೀರು ಹಾರಿಸೋ ಸ್ಪ್ರಿಂಕ್ಲರ್ ಓಡಿಸೋ ಟೈಮಲ್ಲೂ ಮೋಟಾರ್ ಬರ್ಲಿಲ್ಲ ಅಂದ್ರೆ ಯುಗಾದಿಗೆ ಶಟರ್ ಎಳೆದು ಹಾಸನಕ್ಕೆ ಹೋಗಾಣ. ಅಣ್ಣನ ಫ್ಯಾಕ್ಟ್ರೀಲಿ ನಂಗೆ ಕೆಲಸ ಐತೆ."

ನಂಗೆ ಅಲ್ಲೇನು ಐತೆ? ಈ ಸುತ್ತೋ ಕೆಲಸ ಅಪ್ಪ ಕಲಿಸಿದ ವಿದ್ಯೆ. ಹಾಸನದಲ್ಲಿ ಓರಗಿತ್ತಿ ಜೊತೆ ಅವರೆಕಾಳು ಸುಲೀತಾ ಕೂರ್ಬೇಕಾ?

10 ಫೆಬ್ರವರಿ

ತಮ್ಮ ಕುಮಾರ ಬಂದಿದ್ದ. ಎಂಥದೋ ಬಿಸಿನೆಸ್ ಟ್ರೈನಿಂಗ್ ಮುಗಿಸ್ಕೊಂಡು ಬಂದವ್ನೆ, ಮಾತೇ ಬೇರೆ ಆಗೈತೆ. ನನ್ನ ಹೆಸರಲ್ಲಿ ಇನ್ನೂರು ವಿಸಿಟಿಂಗ್ ಕಾರ್ಡ್ ಮಾಡಿಸಿ ತಂದ. "ಅಕ್ಕ, ಕೆಲಸ ಗೊತ್ತಿದ್ರೆ ಸಾಲ್ದು, ಜನ ಗೊತ್ತಿರ್ಬೇಕು. ಒಬ್ಬೊಬ್ಬರ ಹೆಸರು ಬರಿ, ಮನೇಲಿ ಯಾರವ್ರೆ, ಏನು ಕಾಯಿಲೆ, ಎಲ್ಲ ಬರಿ. ಮುಂದಿನ ಸಲ ಅದನ್ನೇ ಕೇಳು. ಕರಗಿ ಹೋಗ್ತಾರೆ."

ಕರಗೋಕೆ ಅವರೇನು ಬೆಲ್ಲನಾ ಅಂದೆ. ಆದ್ರೂ ಡೈರಿಯ ಹಿಂದುಗಡೆ ಪುಟ ಬಿಟ್ಟಿದೀನಿ.

12 ಫೆಬ್ರವರಿ

ಸಕಲೇಶಪುರದಲ್ಲಿ ಬೆಳೆಗಾರರ ಮೀಟಿಂಗ್. ಇವರು ನಮ್ಮ ಹಳೇ ಜೀಪ್ ಹತ್ರಾನೇ ನಿಂತ್ಕೊಂಡ್ರು, ನಾಚಿಕೆ. ನಾನೇ ಒಳಗೆ ಹೋಗಿ ಮೂವತ್ತು ಕಾರ್ಡ್ ಹಂಚಿದೆ. ಒಬ್ಬರು ಅದರಲ್ಲೇ ಹಲ್ಲಿನ ಸಂದಿ ಕೆದಕಿಕೊಂಡ್ರು. ಒಬ್ಬರು ಓದದೆ ಜೇಬಿಗೆ ಹಾಕ್ಕೊಂಡ್ರು.

ಅಲ್ಲಿ ಕಿವಿಗೆ ಬಿದ್ದಿದ್ದನ್ನೆಲ್ಲ ಸೇರಿಸಿ ಹಿಂದಿನ ಪುಟದಲ್ಲಿ ಒಂಬತ್ತು ಹೆಸರು ಬರೆದೆ. ಪರಮಶಿವಯ್ಯ — ಸಕ್ಕರೆ ಕಾಯಿಲೆ. ವೀರಭದ್ರಯ್ಯ — ಹೆಂಡ್ತಿಗೆ ಮಂಡಿನೋವು. ಡಾಕ್ಟರ್ ಪುಸ್ತಕ ಆದಂಗೈತೆ.

18 ಫೆಬ್ರವರಿ, ಶಿವರಾತ್ರಿ. ಮಧ್ಯಾಹ್ನ

ಉಪವಾಸ. ಅಂಗಡಿ ಅರ್ಧ ಶಟರ್. ಫೋನ್ ಬಂತು. "ನಾನು ವೀರಭದ್ರಯ್ಯ. ಏಳೂವರೆ ಎಚ್‌ಪಿ ಮೋಟಾರ್ ಸುಟ್ಟೋಗೈತೆ. ನಿಮ್ಮ ಕಾರ್ಡ್ ಜೇಬಲ್ಲಿತ್ತು."

ಪುಟ ತಿರುವಿದೆ. ಖುಷೀಲಿ ಕೇಳ್ದೆ, "ಅಮ್ಮಾವ್ರ ಮಂಡಿನೋವು ಈಗ ಹೆಂಗೈತೆ ಸಾರ್?"

ಆ ಕಡೆ ಫೋನ್ ಇಟ್ಟ ಸದ್ದು. ಲೈನ್ ಹೋಯ್ತೇನೋ ಅಂದ್ಕೊಂಡೆ. ಮತ್ತೆ ಮಾಡ್ಲೇ ಇಲ್ಲ.

19 ಫೆಬ್ರವರಿ

ಫೋನ್ ವಿಷಯ ಕೇಳಿದ್ದಕ್ಕೆ ಬಸಮ್ಮ ಹೂ ಕಟ್ತಾ ಹೇಳಿದ್ಲು. ವೀರಭದ್ರಯ್ಯ ಅನ್ನೋರು ಇಬ್ಬರು. ಮಂಡಿನೋವಿನ ಹೆಂಡ್ತಿ ಮಾರನಹಳ್ಳಿಯವರಿಗೆ. ಫೋನ್ ಮಾಡಿದ್ದು ಹೊಂಗಡಹಳ್ಳದವರು ಇರ್ಬೇಕು. ಅವರ ಹೆಂಡ್ತಿ ರಾಜಲಕ್ಷ್ಮಮ್ಮ ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ತೀರ್ಕೊಂಡ್ರಂತೆ.

ಅಯ್ಯೋ ಶಿವನೇ. ಎಂಥ ಮಾತಾಡಿಬುಟ್ಟೆ.

ಕುಮಾರಂಗೆ ಫೋನ್ ಮಾಡಿದ್ರೆ, "ಸಾರಿ ಅಂತ ಬರೆದ ಒಂದು ಕಾರ್ಡ್ ಕಳಿಸಕ್ಕ" ಅಂತಾನೆ. ಫೋನ್ ಕುಕ್ಕಿದೆ.

20 ಫೆಬ್ರವರಿ

ಬೆಳಗ್ಗೆ ಬಸ್ಸಲ್ಲಿ ಹೊಂಗಡಹಳ್ಳಕ್ಕೆ ಒಬ್ಬಳೇ ಹೋದೆ. ಕಾರ್ಡ್ ಒಯ್ಯಲಿಲ್ಲ, ಡೈರಿ ಒಯ್ದೆ.

ವೀರಭದ್ರಯ್ಯನೋರು ಜಗಲೀಲಿ ಕೂತಿದ್ರು. ಐವತ್ತರ ಹತ್ರ ಇರಬಹುದು. ಸುತ್ತಿ ಬಳಸದೆ ಹೇಳ್ದೆ — ಹಿಂಗಿಂಗೆ, ತಮ್ಮ ಹೇಳಿಕೊಟ್ಟ, ಬರ್ಕೊಂಡಿದ್ದೆ, ಹೆಸರು ಒಂದೇ ಆಗಿ ತಪ್ಪಾಯ್ತು, ಮೋಟಾರ್ ಕೇಳೋಕೆ ಬಂದಿಲ್ಲ ಅಂತ. ಪುಟ ತೋರಿಸ್ದೆ. ಕನ್ನಡಕ ಹಾಕ್ಕೊಂಡು ಒಂಬತ್ತೂ ಓದಿದ್ರು. "ಪರಮಶಿವಯ್ಯಂಗೆ ಸಕ್ಕರೆ ಕಾಯಿಲೆನಾ? ಮೊನ್ನೆ ಮೂರು ಜಿಲೇಬಿ ತಿಂದ್ನಲ್ಲ" ಅಂದ್ರು. ನಗು ಬಂತು, ಅಳೂ ಬಂತು.

ಮಗಳು ಶೃತಿ ಕಾಫಿ ತಂದ್ಲು. ಹತ್ತನೇ ಕ್ಲಾಸು, ಮುಂದಿನ ತಿಂಗಳು ಪರೀಕ್ಷೆ. ಅವರು ಹೆಂಡ್ತಿ ವಿಷಯ ಶುರು ಮಾಡಿದ್ರು. ಅಡಿಗೆಮನೇಲಿ ಇದ್ಕೊಂಡೇ ಕೆರೆ ಹತ್ರದ ಮೋಟಾರ್ ಸದ್ದು ಕೇಳಿ, "ರೀ, ಅದು ನೀರು ಎಳೀತಿಲ್ಲ, ಹೋಗಿ ನೋಡಿ" ಅಂತಿದ್ರಂತೆ. "ಅವಳಿದ್ದಿದ್ರೆ ಸುಡೋಕೆ ಬಿಡ್ತಿರ್ಲಿಲ್ಲ ಕಣಮ್ಮ."

ಮೋಟಾರ್ ನಿನ್ನೇನೇ ಬೇರೆ ಅಂಗಡಿಗೆ ಹೋಗೈತೆ. ಹೋಗ್ಲಿ.

ಹೊರಡೋವಾಗ ಇನ್ನೊಂದು ತಪ್ಪು. ಸಾವಾದ ಮನೆಗೆ ಮಾತಾಡ್ಸೋಕೆ ಹೋದೋರು ಹೇಳದೆ ಎದ್ದು ಬರ್ಬೇಕು. ಚಿಕ್ಕ ಮಕ್ಕಳಿಗೂ ಗೊತ್ತು. ನಂದು ಅಂಗಡಿ ಬಾಯಿ... "ಬರ್ತೀನಿ ಸಾರ್" ಅಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡೆ.

ಅವರು ಗೇಟ್‌ವರೆಗೂ ಬಂದ್ರು. "ನಲವತ್ತು ದಿನದಿಂದ ಬಂದೋರೆಲ್ಲ ಹೇಳದೆ ಎದ್ದು ಹೋದ್ರು. ಪದ್ಧತಿ, ಅವರ ತಪ್ಪಲ್ಲ. ಬರ್ತೀನಿ ಅಂದೋಳು ನೀನೊಬ್ಬಳೇ" ಅಂದ್ರು. "ಅಂದ್ಮೇಲೆ ಬರ್ಬೇಕು."

ಬಸ್ಸಲ್ಲಿ ದಾರಿಯುದ್ದಕ್ಕೂ ಅದೇ ಮಾತು ಕಿವೀಲಿ. ಮನೆಗೆ ಬಂದು ಹಿಂದಿನ ಪುಟ ಹರಿದು ಒಲೆಗೆ ಹಾಕಿದೆ.

2 ಮಾರ್ಚ್

ಹೊಂಗಡಹಳ್ಳಕ್ಕೆ ಹೋಗಿ ಬಂದೆ. ಇವರನ್ನೂ ಕರ್ಕೊಂಡು ಹೋದೆ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಒಯ್ದಿದ್ದೆ. ನಾಕು ಜನರ ಮುಂದೆ ಬಾಯಿ ಬಿಡದ ಇವರು ಅಲ್ಲಿ ಒಂದು ಗಂಟೆ ಮಾತಾಡಿದ್ರು, ಮೆಣಸಿನ ಬಳ್ಳಿ ವಿಷಯ! ಶೃತಿಗೆ ವಿಜ್ಞಾನದಲ್ಲಿ ಮೋಟಾರ್ ಪಾಠ ತಲೆಗೆ ಹತ್ತಿರ್ಲಿಲ್ಲ. ನಾನು ಓದಿದ್ದು ಒಂಬತ್ತನೇ ಕ್ಲಾಸು. ಆದ್ರೂ ತಂತಿ ಸುತ್ತಿ ತೋರಿಸ್ದೆ, ಹತ್ತಿತು.

ಅಂಗಡಿ ಮಾತ್ರ ಖಾಲಿ. ಇವರು ದಿನಾ ಕ್ಯಾಲೆಂಡರ್ ಮುಂದೆ ನಿಂತು ಯುಗಾದಿಗೆ ಎಷ್ಟು ದಿನ ಅಂತ ಎಣಿಸ್ತಾರೆ. ಅದೇ ಹೆದರಿಕೆ.

11 ಮಾರ್ಚ್

ಎರಡು ಮೋಟಾರ್ ಬಂದ್ವು, ಹೊಂಗಡಹಳ್ಳದ ರಸ್ತೆಯವು. ಯಾರು ಹೇಳಿದ್ರು ಅಂತ ಕೇಳೋಕೆ ಪುರುಸೊತ್ತಿಲ್ಲ.

14 ಮಾರ್ಚ್

ಇನ್ನೂ ಮೂರು. ನೆಲದಲ್ಲಿ ಕಾಲಿಡೋಕೆ ಜಾಗ ಇಲ್ಲ. ಬೆರಳೆಲ್ಲ ವಾರ್ನಿಶ್.

16 ಮಾರ್ಚ್

ಇವತ್ತು ಬಂದ ಚಲುವಯ್ಯ ಅನ್ನೋ ಎಸ್ಟೇಟ್ ಲೆಕ್ಕ ಬರೆಯೋ ರೈಟರ್‌ನ ಕೇಳೇಬಿಟ್ಟೆ. ಆತ ಅಂದ, "ವೀರಭದ್ರಯ್ಯನೋರು ಹೇಳಿದ್ರು. ಕೆಲಸ ಹೆಂಗೋ ಗೊತ್ತಿಲ್ಲ ಅಂದ್ರು."

ಹೌದಲ್ಲ, ನನ್ನ ಕೆಲಸ ಅವರು ಒಂದೂ ನೋಡಿಲ್ಲ. "ಮತ್ತೇನು ಹೇಳಿದ್ರು?"

"ಆಯಮ್ಮ ಬರ್ತೀನಿ ಅಂದ್ರೆ ಬರ್ತಾಳೆ ಅಂದ್ರು. ಹೂವಿನ ಕಾಲದಲ್ಲಿ ನಮ್ಗೆ ಅಷ್ಟು ಸಾಕಲ್ವಾ? ಎಲ್ಲಾ ಮೆಕ್ಯಾನಿಕ್‌ಗಳೂ ಬರ್ತೀನಿ ಅಂತಾರೆ, ಯಾವನು ಬರ್ತಾನೆ ಹೇಳಿ."

ಕಾಯಿಲ್ ಕೈಯಲ್ಲೇ ಇತ್ತು. ಎಷ್ಟು ಸುತ್ತು ಅಂತ ಮರ್ತೋಯ್ತು. ಬೇಜಾರಾಗಲಿಲ್ಲ. ಮತ್ತೆ ಒಂದರಿಂದ ಶುರು ಮಾಡಿದೆ.

21 ಮಾರ್ಚ್, ಯುಗಾದಿ

ಬೇವುಬೆಲ್ಲ ಕೊಡ್ತಾ ಇವರು ಮೆಲ್ಲಗೆ ಅಂದ್ರು, "ಅಣ್ಣಂಗೆ ಫೋನ್ ಮಾಡ್ದೆ. ಬರಲ್ಲ ಅಂತ ಹೇಳ್ದೆ." ಅಷ್ಟೇ. ಆಮೇಲೆ ಜೀಪ್ ಒರೆಸೋಕೆ ಹೋದ್ರು. ನಾನು ಒಲೆ ಮುಂದೆ ಕೂತು ಸ್ವಲ್ಪ ಹೊತ್ತು ಅತ್ತೆ. ಸಂತೋಷಕ್ಕೆ.

ಹೊಂಗಡಹಳ್ಳಕ್ಕೆ ಫೋನ್ ಮಾಡ್ದೆ. "ನಮ್ಮನೇಲಿ ಈ ವರ್ಷ ಹಬ್ಬ ಇಲ್ಲಮ್ಮ" ಅಂದ್ರು. ನಮ್ಮನೇಲಿ ಐತಲ್ಲ ಅಣ್ಣ, ನಾಳೆ ಶೃತೀನ ಕರ್ಕೊಂಡು ಊಟಕ್ಕೆ ಬನ್ನಿ ಅಂದೆ. ಅಣ್ಣ ಅಂತ ಬಾಯಿಗೆ ಹೆಂಗೆ ಬಂತೋ.

22 ಮಾರ್ಚ್, ಸಂಜೆ

ಬಂದಿದ್ರು. ಒಬ್ಬಟ್ಟು ಎರಡು ತಿಂದ್ರು, ಸಾಕು ಅಂದ್ರು, ಮೂರನೇದೂ ತಿಂದ್ರು. ಅಂಗಡಿ ಒಳಗೆ ಬಂದು ಮೋಟಾರ್‌ಗಳ ಮೇಲೆ ಒಂದೊಂದಾಗಿ ಕೈಯಿಟ್ಟು ನೋಡಿದ್ರು. ಉಪಕಾರ ಆಯ್ತು ಅಣ್ಣ ಅನ್ನೋಕೆ ಬಾಯಿ ತೆಗೆದೆ. "ಅದನ್ನೆಲ್ಲ ಹೇಳ್ಬೇಡ" ಅಂದ್ರು. ಇಲ್ಲಾದ್ರೂ ಬರೀತೀನಿ: ಉಪಕಾರ ಆಯ್ತು.

ಹೊರಟ್ರು. ಹೊಸ್ತಿಲ ಹತ್ರ ನಿಂತ್ರು. ಹೆಂಡ್ತಿ ತೀರ್ಕೊಂಡಾಗಿನಿಂದ ಯಾರ ಮನೇಲೂ ಹೊರಡೋವಾಗ ಆ ಮಾತು ಅವರ ಬಾಯಿಗೆ ಬಂದಿಲ್ಲ ಅಂತ ಶೃತಿ ಅಡಿಗೆಮನೇಲಿ ಹೇಳಿದ್ಲು. ಚಪ್ಪಲಿ ಮೆಟ್ಟಿ, ಹಿಂದೆ ತಿರುಗಿ ಅಂದ್ರು, "ಬರ್ತೀನಿ ಕಣಮ್ಮ."

ಬನ್ನಿ ಅಣ್ಣ ಅಂದೆ. ಶೃತಿ ಅವರ ಮುಖಾನೇ ನೋಡ್ತಾ...

ಫೋನ್ ಬಡ್ಕೊಳ್ತೈತೆ. ಮನೆ ಸೇರಿದ್ವಿ ಅಂತ ಹೇಳೋಕೆ ಅವರೇ ಇರ್ಬೇಕು —