ಒಂದು ವರ್ಷ ಬರಬೇಕಾದ ಶೂ

ದೊಡ್ಡಬಳ್ಳಾಪುರ
೧೩ ನವೆಂಬರ್ ೨೦೨೪, ಬುಧವಾರ

ಕಾಂತರಾಜುಗೆ ಪವಿತ್ರಳ ನಮಸ್ಕಾರ.

ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ವಕೀಲರ ವಿಷಯವಲ್ಲ. ಅತ್ತೆ ಚೆನ್ನಾಗಿದ್ದಾರೆ, ನಿನ್ನಮ್ಮನ ಬಗ್ಗೆ ಚಿಂತೆ ಬೇಡ. ಫೋನಿನಲ್ಲಾದರೆ ಎರಡನೇ ಮಾತಿಗೇ ನಾವಿಬ್ಬರೂ ದನಿ ಏರಿಸುತ್ತೇವೆ, ಪಕ್ಕದ ಕೋಣೆಯಲ್ಲಿ ಸಿಂಚನ ಪುಸ್ತಕ ತೆರೆದಿಟ್ಟುಕೊಂಡು ಕಿವಿಯನ್ನು ಇತ್ತ ಕೊಟ್ಟಿರುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ನನಗೆ ವಾರದ ರಜೆ, ಅವಳು ಶಾಲೆಗೆ ಹೋಗಿದ್ದಾಳೆ.

ಭಾನುವಾರ ಅವಳು ಫೋನಿನಲ್ಲಿ ನಿನಗೆ ಹೇಳಿದ್ದು ನಿಜವಲ್ಲ. "ಸ್ವಲ್ಪದ್ರಲ್ಲಿ ಮಿಸ್ಸಾಯ್ತು ಅಪ್ಪಾ, ಶೂ ಮಾತ್ರ ಸೂಪರ್" ಎಂದಳಲ್ಲ, ಆಗ ಅವಳ ಎಡಗಾಲು ಬಕೆಟ್ಟಿನ ತಣ್ಣೀರಿನಲ್ಲಿತ್ತು. ನಾನು ಎದುರಿಗೇ ಕೂತಿದ್ದೆ. ಬಾಯಿ ಬಿಡಬೇಡ ಎಂದು ಕಣ್ಣಲ್ಲೇ ಬೇಡಿಕೊಂಡಳು.

ನಡೆದದ್ದು ಇಷ್ಟು. ಶನಿವಾರ ಬೆಂಗಳೂರಿನಲ್ಲಿ ಗೋಡೆ ಹತ್ತುವ ಆಯ್ಕೆ ಸ್ಪರ್ಧೆ. ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಪಾಳಿ ಬದಲಾಯಿಸಿಕೊಂಡು ನಾನೂ ಹೋಗಿದ್ದೆ. ಹಗ್ಗವಿಲ್ಲದೆ ಹತ್ತುವ ಗಿಡ್ಡ ಗೋಡೆಗಳು, ಕೆಳಗೆ ದಪ್ಪ ಹಾಸಿಗೆ. ಮೊದಲೆರಡು ಗೋಡೆಗಳನ್ನು ಬೆಕ್ಕಿನ ಹಾಗೆ ಹತ್ತಿ ಇಳಿದಳು. ಮೂರನೆಯದು ಹೊರಕ್ಕೆ ಬಾಗಿದ ಗೋಡೆ. ನೀನು ಜೂನ್‌ನಲ್ಲಿ ಕಳಿಸಿದ, ಮೂತಿ ಕೆಳಕ್ಕೆ ಬಾಗಿದ ಆ ಶೂ ಇರುವುದೇ ಅಂಥ ಗೋಡೆಗೆ. ಅತ್ತೆ ಅದಕ್ಕೆ ಗಿಣಿಮೂತಿ ಶೂ ಎಂದೇ ಹೆಸರಿಟ್ಟಿದ್ದಾರೆ. ಕೈಗೆ ಒಳ್ಳೆಯ ಹಿಡಿ ಸಿಕ್ಕಿತ್ತು, ಎಡಗಾಲಿನ ತುದಿಯನ್ನು ಒಂದು ಸಣ್ಣ ಅಂಚಿನ ಮೇಲೆ ಊರಿ ಮೇಲೇಳಬೇಕಿತ್ತು, ಅಷ್ಟೇ. ಊರಿದಳು, ತಟ್ಟನೆ ತೆಗೆದಳು. ಮತ್ತೆ ಊರಿದಳು, ತೆಗೆದಳು. ಬೆಂಕಿಯ ಮೇಲೆ ಕಾಲಿಟ್ಟವರ ಹಾಗೆ. ಬಿದ್ದಳು. ಇನ್ನೊಂದು ಸಲ ಹತ್ತಿ ಮತ್ತೆ ಅಲ್ಲೇ ಬಿದ್ದಳು. ಹೆದರಿದ್ದಾಳೆ ಎಂದುಕೊಂಡೆ. ಅವಳ ಕೋಚ್ ಸುನಿಲ್‌ಕುಮಾರ್ ಕೂಡ ಹಾಗೇ ತಿಳಿದು "ಕಾಲ್ ನಂಬು ಸಿಂಚನಾ, ಕಾಲ್ ನಂಬು" ಎಂದು ಕೂಗುತ್ತಿದ್ದರು.

ಹೊತ್ತು ಮುಗಿದ ಮೇಲೆ ಮಗು ಕಾಣಲಿಲ್ಲ. ಹುಡುಕಿದರೆ ಗೋಡೆಯ ಹಿಂದೆ, ಕಬ್ಬಿಣದ ಕಂಬಗಳ ನಡುವೆ ಕೂತು ಎಡಗಾಲಿನ ಶೂ ಎಳೆಯುತ್ತಿದ್ದಳು. ಬರುತ್ತಿರಲಿಲ್ಲ. ನಾನು ಕೈ ಹಾಕಿದರೆ ಕಿರುಚಿದಳು. ಸುನಿಲ್‌ಕುಮಾರ್ ಪಟ್ಟಿ ಪೂರ್ತಿ ಬಿಚ್ಚಿ, ಹಿಮ್ಮಡಿ ಕಡೆಯ ರಬ್ಬರನ್ನು ನಿಧಾನಕ್ಕೆ ಜಾರಿಸಿ ತೆಗೆದರು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಸುತ್ತ ಕೀವು. ಪಕ್ಕದ ಬೆರಳು ಅದರ ಮೇಲೆ ಹತ್ತಿ ಕೂತಿತ್ತು. ಅವರು ನನ್ನ ಮುಖ ನೋಡಿದರು. "ಮೇಡಂ, ಪ್ರತಿ ತಿಂಗ್ಳೂ ಕೇಳ್ದೆ, ಸೈಜ್ ಸರಿ ಇದ್ಯಾ ಅಂತ. ಸರಿ ಇದೆ ಸರ್ ಅಂತಾನೇ ಅಂತಿದ್ಲು" ಎಂದರು. ಅವರದೇನೂ ತಪ್ಪಿಲ್ಲ. ನನಗೂ ಹಾಗೇ ಹೇಳುತ್ತಿದ್ದಳು.

ಮನೆಗೆ ಬಂದ ಮೇಲೆ ಅತ್ತೆ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆಮೇಲೆ "ಗಾಡಿ ಎತ್ತಿಗೂ ಯಾರೂ ಹಿಂಗೆ ಲಾಳ ಹೊಡ್ಸಾಕಿಲ್ಲ ಕಣವ್ವಾ" ಎಂದರು. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಮೂಳೆ ಡಾಕ್ಟರಿಗೆ ತೋರಿಸಿದೆ. ಮೂಳೆ ಮುರಿದಿಲ್ಲ. ಆದರೆ ಈ ವಯಸ್ಸಿನಲ್ಲಿ ಬೆರಳಿನ ಮೂಳೆ ಬೆಳೆಯುವ ಜಾಗ ಎಳೆಯದಾಗಿರುತ್ತದಂತೆ, ಅಲ್ಲೇ ಊತ ಬಂದಿದೆ. ಮೂರು ತಿಂಗಳು ಗೋಡೆ ಹತ್ತುವ ಹಾಗಿಲ್ಲ. ಇದೇ ಶೂ ಇನ್ನೊಂದು ವರ್ಷ ಹಾಕಿದ್ದರೆ ಬೆರಳು ಸೊಟ್ಟಗೇ ಉಳಿದುಬಿಡುತ್ತಿತ್ತು ಎಂದರು. ಡಾಕ್ಟರು ಆ ಶೂವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಯಾರು ಕೊಡಿಸಿದ್ದು ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಸಿಂಚನ "ನಾನೇ ಸೆಲೆಕ್ಟ್ ಮಾಡಿದ್ದು" ಎಂದುಬಿಟ್ಟಳು.

ಆಸ್ಪತ್ರೆಯ ಹೊರಗೆ ಎಳನೀರು ಕೊಡಿಸಿ ಕೇಳಿದೆ. ಇಷ್ಟು ನೋವಿಟ್ಟುಕೊಂಡು ಯಾಕೆ ಹೇಳಲಿಲ್ಲ ಎಂದೆ. ನೆಲ ನೋಡುತ್ತಾ ಹೇಳಿದಳು: "ಒಂದ್ ವರ್ಷ ಬರ್ಬೇಕು ಅಂತ ಅಪ್ಪ ಹೇಳಿದ್ರು. ರಬ್ಬರ್ ಇನ್ನೂ ಹಂಗೇ ಐತಲ್ಲಮ್ಮಾ. ಸವೀದೇ ಇರೋ ಶೂನ ಹೆಂಗ್ ಸಾಕು ಅನ್ಲಿ?"

ಕಾಂತು, ಆ ಶೂ ಇನ್ನೂ ಹೊಸದರ ಹಾಗಿದೆ. ತಂದು ನೋಡಿದೆ. ಹೆಬ್ಬೆರಳಿನ ಕೆಳಗಿನ ಅಂಚು ಸಹ ಚೂಪಾಗಿಯೇ ಉಳಿದಿದೆ. ಒಂದೊಂದು ಗೋಡೆ ಇಳಿದ ಕೂಡಲೇ ಬಿಚ್ಚಿ, ತಳ ಒರೆಸಿ, ಬಟ್ಟೆ ಚೀಲದಲ್ಲಿ ಇಡುತ್ತಾಳೆ. ನೆಲದ ಮೇಲೆ ಹಾಕಿಕೊಂಡು ನಡೆಯುವುದಿಲ್ಲ. ಬಿಸಿಲಿಗೆ ಇಡುವುದಿಲ್ಲ, ನೆರಳಲ್ಲಿ ಗಾಳಿಗೆ ಇಡುತ್ತಾಳೆ. ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದ್ದಾಳೆ. ಶೂ ಬಾಳಿಕೆ ಬಂತು. ಕಾಲು ಬೆಳೆಯಿತು. ಯುಗಾದಿಗೆ ಬಂದಾಗ ನೀನು ಅಳೆದದ್ದು ಮೂವತ್ತೇಳರ ಕಾಲು. ಬಿಗಿಯಾಗಿರಲಿ ಎಂದು ಮೂವತ್ತೈದು ಕಳಿಸಿದೆ. ಈಗ ಅವಳ ಚಪ್ಪಲಿ ಮೂವತ್ತೊಂಬತ್ತು. ಬಟ್ಟೆಯ ಅಳತೆಯೂ ಬದಲಾಗಿದೆ, ಕೂದಲೂ ಬದಲಾಗಿದೆ, ದನಿ ಒಂದು ಮಾತ್ರ ಹಾಗೇ ಇದೆ. ನೀನು ದನಿ ಮಾತ್ರ ಕೇಳುತ್ತೀಯ.

ಇದನ್ನು ಚುಚ್ಚಲೆಂದು ಬರೆಯಲಿಲ್ಲ. ಚುಚ್ಚುವ ಶಕ್ತಿಯೂ ನನ್ನಲ್ಲಿ ಉಳಿದಿಲ್ಲ. ಬೆಳಿಗ್ಗೆ ದೇವನಹಳ್ಳಿ ಬಸ್ಸು, ದಿನವಿಡೀ ಪೆಟ್ಟಿಗೆಗಳ ನಡುವೆ ನಿಲ್ಲುವುದು, ಸಂಜೆ ಇವಳನ್ನು ಅಭ್ಯಾಸದ ಗೋಡೆಯಿಂದ ಕರೆದುಕೊಂಡು ಮತ್ತೆ ಬಸ್ಸು. ಸೀಟು ಸಿಕ್ಕರೆ ಇಬ್ಬರೂ ನಿದ್ದೆ ಹೋಗಿ, ಕಂಡಕ್ಟರ್ ಎಬ್ಬಿಸಿದಾಗ ಇಳಿಯುತ್ತೇವೆ. ನಾವಿಬ್ಬರೂ ಬೇರೆಯಾಗಿದ್ದರಲ್ಲಿ ಯಾರದು ಸರಿ ಎಂಬ ಲೆಕ್ಕವನ್ನು ನಾನು ಬಿಟ್ಟು ಬಹಳ ದಿನವಾಯಿತು.

ಶೂ ಬಿಗಿಯಾಗಿರಬೇಕೆಂದು ನೀನೊಬ್ಬನೇ ನಂಬಿದ್ದಲ್ಲ, ನಾನೂ ನಂಬಿದ್ದೆ. ಕಾಲೇಜಿನಲ್ಲಿದ್ದಾಗ ಬಂಡೆ ಹತ್ತುವ ಕ್ಲಬ್ಬಿನವರ ಜೊತೆ ಶಿವಗಂಗೆಗೆ ಹೋಗಿದ್ದೆವಲ್ಲ. ಯಾರೋ ಕೊಟ್ಟ ಹಳೇ ಶೂಗಳಲ್ಲಿ ಬೆರಳು ಮುದುರಿಕೊಂಡು ಬಂಡೆ ಹತ್ತಿ, ಇಳಿದು ಬಂದು ದೇವಸ್ಥಾನದ ಮೆಟ್ಟಿಲ ಬುಡದಲ್ಲಿ ಬರಿಗಾಲು ಚಾಚಿ ಕೂತಿದ್ದೆವು. ಯಾರದು ಹೆಚ್ಚು ಕೆಂಪಾಗಿದೆ ಎಂದು ಹೋಲಿಸಿಕೊಂಡು ನಕ್ಕಿದ್ದೆವು. ಯಾತ್ರೆಗೆ ಬಂದ ಒಬ್ಬ ಅಜ್ಜಿ "ಅಯ್ಯೋ, ಹರಕೆ ಏನ್ರಪ್ಪಾ?" ಎಂದು ಕೇಳಿ, ಇಬ್ಬರ ಕೈಗೂ ಒಂದೊಂದು ಬಾಳೆಹಣ್ಣು ಕೊಟ್ಟಿದ್ದಳು. ನೋಯದಿದ್ದರೆ ಅದು ಶೂನೇ ಅಲ್ಲ ಎಂದು ನೀನು ಹೇಳಿದ್ದು ಅವತ್ತೇ. ಆಗ ನಮಗೆ ಇಪ್ಪತ್ತು ದಾಟಿತ್ತು. ಕಾಲು ಬೆಳೆದು ಮುಗಿದಿತ್ತು, ನೋವು ನಾವೇ ಆರಿಸಿಕೊಂಡದ್ದಾಗಿತ್ತು. ಅವಳಿಗೆ ಹದಿಮೂರು.

ಹಾಗಾಗಿ ಒಂದು ಕೇಳಿಕೆ. ಈಗಲೇ ಬೇರೆ ಶೂ ಕಳಿಸಬೇಡ. ಈ ವಿಷಯ ಗೊತ್ತಾದ ಕೂಡಲೇ ನೀನು ಮಾಡುವ ಮೊದಲ ಕೆಲಸ ಅದೇ ಎಂದು ನನಗೆ ಗೊತ್ತು. ಬೆರಳು ವಾಸಿಯಾದ ಮೇಲೆ ಅವಳಿಗೆ ಬೇಕಾದ್ದು ಚಪ್ಪಟೆ ತಳದ, ನೇರ ಮೂತಿಯ ಶೂ. ಹಿಮ್ಮಡಿ ಅಲ್ಲಾಡಬಾರದು. ಬೆರಳು ಮುಂದಕ್ಕೆ ತಾಗಬೇಕು, ಮಡಚಿಕೊಳ್ಳಬಾರದು. ಆರು ತಿಂಗಳಿಗೆ ಸಣ್ಣದಾದರೆ ಆಗಲಿ, ರಬ್ಬರ್ ಇದ್ದರೂ ಯಾರಿಗಾದರೂ ಕೊಟ್ಟುಬಿಡೋಣ. ಒಂದು ವರ್ಷ ಬರಬೇಕು ಎಂಬ ಮಾತನ್ನು ಅವಳ ಮುಂದೆ ಇನ್ನು ಆಡಬೇಡ. ಅಳತೆಯನ್ನೂ ನನ್ನಿಂದ ಕೇಳಬೇಡ. ನೀನೇ ಬಂದು ಅಳೆ. ಸಂಜೆ ಹೊತ್ತು, ಅವಳನ್ನು ನಿಲ್ಲಿಸಿ, ಎರಡೂ ಕಾಲನ್ನೂ ಅಳೆ. ಅವಳ ಎಡಗಾಲು ಬಲಗಾಲಿಗಿಂತ ಕೊಂಚ ದೊಡ್ಡದು. ನಿನ್ನದೂ ಹಾಗೇ.

ಬಾದಾಮಿಯಲ್ಲಿ ಈಗ ಸೀಸನ್, ಬಂಡೆ ಹತ್ತಲು ಬಂದವರಿಗೆಲ್ಲ ನೀನು ಬೇಕು, ಗೊತ್ತಿದೆ. ಎರಡು ದಿನ ಬಿಡಿಸಿಕೊಂಡು ಬಾ. ನಿನಗೆ ನನ್ನ ಎದುರಿಗೆ ಕೂರುವುದು ಕಷ್ಟವಾದರೆ ನಾನು ಎರಡು ಪಾಳಿ ಕೇಳಿ ಹಾಕಿಸಿಕೊಳ್ಳುತ್ತೇನೆ. ಅತ್ತೆ ಇರುತ್ತಾರೆ, ಅಡುಗೆ ಮಾಡಿಟ್ಟಿರುತ್ತೇನೆ. ಬಂದಾಗ ಅವಳನ್ನು ಬೈಯಬೇಡ, ಸಮಾಧಾನವನ್ನೂ ಹೇಳಬೇಡ. ನಾನು ಬರೆದದ್ದು ಗೊತ್ತಿಲ್ಲದ ಹಾಗೇ ಇರು. "ಅಪ್ಪಂಗ್ ಹೇಳ್ಬೇಡ, ಬೇಜಾರ್ ಮಾಡ್ಕೋತಾರೆ" ಎಂದು ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದಳು. ಆಣೆ ಮುರಿದೆ. ಅಷ್ಟಕ್ಕೆ ದೇವರು ನನ್ನನ್ನು ಕ್ಷಮಿಸುತ್ತಾನೆ.

ಅತ್ತೆ ನಿನ್ನ ಮೊಣಕಾಲು ಹೇಗಿದೆ ಎಂದು ಕೇಳಲು ಹೇಳಿದ್ದಾರೆ. ನಾನೂ ಕೇಳಿದ್ದೇನೆಂದು ಇಟ್ಟುಕೋ.

ಪವಿತ್ರ

ತಾ.ಕ.: ಗುರುವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮೊದಲು ಇದನ್ನು ಸೇರಿಸುತ್ತಿದ್ದೇನೆ. ಈಗ ಜಡೆ ಹಾಕಿಸಿಕೊಳ್ಳುವಾಗ, ನನ್ನ ಕಡೆ ಬೆನ್ನು ಮಾಡಿ ಕೂತಿದ್ದವಳು ಕೇಳಿದಳು: "ಅಮ್ಮಾ, ನಾನು ಹತ್ತೋದು ಪೂರ್ತಿ ಬಿಟ್ಬಿಟ್ರೆ ಅಪ್ಪ ಭಾನುವಾರ ಫೋನ್ ಮಾಡಿ ಏನ್ ಮಾತಾಡ್ತಾರೆ?" ಅವಳಿಗೆ ಹತ್ತುವುದು ಇಷ್ಟವೇ ಇರಲಿಲ್ಲವೇನೋ ಎಂಬುದು ನನಗೆ ಆಗಲೇ ಹೊಳೆದದ್ದು. ಯಾವಾಗಿನಿಂದ ಎಂದು ಕೇಳಲು ಧೈರ್ಯವಾಗಲಿಲ್ಲ. ಏನಾದರೂ ಮಾತಾಡ್ತಾರೆ ಬಿಡು ಎಂದು ಜಡೆ ಮುಗಿಸಿದೆ.