ಓಸ್ಮೊನ ಎರಡು ಟ್ಯಾಂಗೊ, ನನ್ನ ಹಳೇ ಕಂಪ್ಯೂಟರ್

ರಾಂತಸಾಲ್ಮಿ
ಮೇ 4

ಪ್ರೀತಿಯ ಓಸ್ಮೊ,

ಹೇಗಿದ್ದೀಯ? ಗಂಟಲಿನ ಗಾಯ ಒಣಗಿದೆ, ಗಂಜಿ ಬಿಟ್ಟು ಮೀನು ತಿನ್ನುತ್ತಿದ್ದೀಯ ಎಂದು ನಿನ್ನ ಮಗಳು ಮಿನ್ನಾ ಹೇಳಿದಳು. ಮುಳ್ಳು ನೋಡಿಕೊಂಡು ತಿನ್ನು. ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಕೆಲಸ ಕೆಟ್ಟುಹೋದರೆ ನಿನಗೆ ಏನೆಂದು ಬರೆಯಲಿ ಎಂಬ ದಿಗಿಲಿಗೆ ಪೆನ್ನೇ ಮುಟ್ಟಿರಲಿಲ್ಲ. ಈಗ ಮೊದಲೇ ಹೇಳಿಬಿಡುತ್ತೇನೆ, ತಡೆದುಕೊಳ್ಳಲು ಆಗುತ್ತಿಲ್ಲ: ಗೆದ್ದೆವು ಮಾರಾಯ! ಮೇ ಒಂದರಂದು ಸರೋವರದ ದಂಡೆಯ ಕುಣಿತದ ಮನೆ ಬಾಗಿಲು ತೆರೆಯಿತು, ಅಲ್ಲಿ ನೀನು ಹಾಡಿದೆ.

ನನ್ನ ಪಾಡು ಏನಾಗಿತ್ತು ಕೇಳು. ಡಾಕ್ಟರು ದನಿಪೆಟ್ಟಿಗೆ ತೆಗೆಯಲೇಬೇಕು ಎಂದ ಮೇಲೆ ನೀನು ಹಾಡಿಟ್ಟು ಹೋದದ್ದು ಕುಣಿತದ ಹಾಡು ಎರಡೇ, ಎರಡೇ ಟ್ಯಾಂಗೊ. ಇನ್ನೊಮ್ಮೆ ಹಾಡು ಎನ್ನುವ ಹಾಗಿಲ್ಲ. ನಿನ್ನ ದನಿ, ಪೆಂಟ್ಟಿಯ ಅಕಾರ್ಡಿಯನ್, ಪಿಟೀಲುಗಳು, ಚರ್ಚಿನ ಹೆಂಗಸರ ಮೇಳ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬೆರೆಸಲು ಒಟ್ಟಿಗೆ ಬಿಟ್ಟು, ಮೇಲೆ ಒಂದಿಷ್ಟು ಮಾರ್ದನಿ ಸೇರಿಸಿದೆನೋ ಇಲ್ಲವೋ, ಅದು ಪಟಪಟ ಸಿಡಿಯುವ ಸದ್ದು ಮಾಡಿ, ನಿನ್ನನ್ನು ತೊದಲಿಸಿ, ನಿಂತೇಬಿಡುತ್ತಿತ್ತು.

ಪೆಂಟ್ಟಿ ಬಂದು ಕೇಳಿದ. "ಹೆಂಗಸರನ್ನ ತೆಗೆದುಹಾಕೋ ತೌನೊ, ಭಾರ ಕಮ್ಮಿಯಾಗುತ್ತೆ."

"ಅವರು ಹಿಂದೆ ಇರಲೇಬೇಕು ಅಂತ ಓಸ್ಮೊ ಹೇಳಿದಾನೆ."

"ಹಂಗಾದ್ರೆ ಹೊಸ ಕಂಪ್ಯೂಟರ್ ತಗೋ, ಜಿಪುಣ."

ಜಿಪುಣತನವಲ್ಲ ಓಸ್ಮೊ. ನನ್ನ ಸೌಂಡ್ ಕಾರ್ಡ್ ಕೂರುವ ಜಾಗವೇ ಈಗಿನ ಡಬ್ಬಗಳಲ್ಲಿ ಇಲ್ಲ. ಒಂದನ್ನು ಬದಲಿಸಿದರೆ ಎಲ್ಲವನ್ನೂ ಬದಲಿಸಬೇಕು, ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಆರನೇ ಕ್ಲಾಸಿಗೇ ಮರ ಕೊಯ್ಯುವ ಮಿಲ್ಲು ಸೇರಿದವನು ನಾನು. ಇದೊಂದನ್ನು ಕಲಿಯಲಿಕ್ಕೇ ತಲೆ ಸವೆದಿದೆ. ಅದಕ್ಕೆ ಅದೇ ಕಾಲದ, ಅದೇ ಗುಳಿಯಲ್ಲಿ ಕೂರುವ, ದುಪ್ಪಟ್ಟು ಕಸುವಿನ ಹಳೇ ಪ್ರೊಸೆಸರ್ ಒಂದನ್ನು ಕುವೋಪಿಯೊದಿಂದ ಅಂಚೆಯಲ್ಲಿ ತರಿಸಿದೆ.

ಬಂದದ್ದೇ ತಡ, ಚಿಂತೆ ಶುರು. ಹೊಸ ಪ್ರೊಸೆಸರನ್ನು ಮದರ್‌ಬೋರ್ಡ್ ಗುರುತು ಹಿಡಿಯಬೇಕಾದರೆ ಮೊದಲು ಅದರೊಳಗಿನ ಬಯೋಸ್ ಎಂಬ ಮೂಲ ಪ್ರೋಗ್ರಾಮನ್ನು ಬದಲಾಯಿಸಬೇಕಂತೆ. ನಡುವೆ ಕರೆಂಟು ಹೋದರೆ ಬೋರ್ಡೇ ಸತ್ತಂತೆ. ಆ ಹೊತ್ತು ಸಿರ್ಕಾಗೆ ಕಾಫಿಗೂ ಸ್ವಿಚ್ ಹಾಕಬೇಡ ಎಂದೆ. "ಗಂಡ ಬೇಕಾ, ಕಾಫಿ ಬೇಕಾ ಅಂತ ಈಗ ಕೇಳಬೇಡ, ಉತ್ತರ ಬೇರೆ ಬಂದೀತು" ಎಂದು ಹೊರಗೆ ಹೋಗಿ ಕೂತಳು.

ಅದು ಹೇಗೋ ದಾಟಿತು. ಮುಂದಿನ ಹೆದರಿಕೆ ಕಿಡಿಯದು. ಒಲೆ ಉರಿದು ಒಣಗಿದ ಮನೆ, ಕಾಲಿಗೆ ಉಣ್ಣೆ ಕಾಲುಚೀಲ. ಬಾಗಿಲ ಹಿಡಿ ಮುಟ್ಟಿದರೆ ಚಟ್ ಎನ್ನುತ್ತದೆ. ಅಂಥ ಒಂದು ಕಿಡಿ ಸಾಕು, ಚಿಪ್ ಬೂದಿ. ಹಾಗಾಗಿ ಕಂಪ್ಯೂಟರನ್ನು ಹೊತ್ತುಕೊಂಡು ಅಂಗಳದ ಹಬೆಸ್ನಾನದ ಮನೆಗೆ, ನಮ್ಮ ಸೌನಾಕ್ಕೆ ಹೋದೆ. ಬಟ್ಟೆ ಬಿಚ್ಚುವ ಕೋಣೆಯಲ್ಲಿ ತಣ್ಣನೆಯ ಹಲಗೆ ನೆಲ, ಬರಿಗಾಲು. ಹಳೇ ಪ್ರೊಸೆಸರ್ ಬಿಚ್ಚಿ, ಹೊಸದನ್ನು ಗುಳಿಯಲ್ಲಿ ಇಳಿಸಿ, ಶಾಖ ಹೀರಲು ಬಟಾಣಿ ಕಾಳಿನಷ್ಟು ಪೇಸ್ಟ್ ಇಟ್ಟು, ಮೇಲೆ ಫ್ಯಾನ್ ಕೂರಿಸಿದೆ. ಅಲ್ಲೇ ನೆಲದ ಮೇಲೆ ಒರಗಿ ಕಣ್ಣು ಮುಚ್ಚಿದೆ ನೋಡು, ನಿದ್ದೆ ಹತ್ತಿಬಿಟ್ಟಿತು. ಆ ದಿನ ಶನಿವಾರ, ಸೌನಾ ಕಾಯಿಸುವ ದಿನ ಎಂಬುದು ಮರೆತೇಹೋಗಿತ್ತು.

ಸಿರ್ಕಾ ಎಂದಿನಂತೆ ಹಿಂಬಾಗಿಲಿನಿಂದ ಬಂದು ಸೌನಾದ ಒಲೆ ಹೊತ್ತಿಸಿದ್ದಾಳೆ. ನಾನು ಎಚ್ಚರಾದಾಗ ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ಒಳಗಿನಿಂದ ಕಾದ ಕಲ್ಲಿನ ಮೇಲೆ ನೀರು ಎರಚಿದ ಸದ್ದು, ಬಾಗಿಲ ಸಂದಿಯಿಂದ ಬಿಳಿ ಹಬೆ, ನನ್ನ ಬಿಚ್ಚಿಟ್ಟ ಕಂಪ್ಯೂಟರ್ ಅದರ ನಡುವೆ.

"ಸಿರ್ಕಾ! ಓಸ್ಮೊನ ಕೊಂದೆಯಲ್ಲೇ!"

ಅವಳು ಟವೆಲು ಸುತ್ತಿಕೊಂಡು ಓಡಿಬಂದಳು. "ಶನಿವಾರ ಸೌನಾ ಕಾಯಿಸಬಾರದು ಅಂತ ಒಂದು ಮಾತು ಹೇಳೋಕೆ ಬಾಯಿರಲಿಲ್ವಾ ನಿಂಗೆ?" ಎಂದಳು. ಅಂದವಳೇ ಆ ಟವೆಲನ್ನೇ ಬಿಚ್ಚಿ ಡಬ್ಬದ ಮೇಲೆ ಹೊದಿಸಿದಳು. ಇಬ್ಬರೂ ಸೇರಿ ಮನೆಗೆ ಹೊತ್ತೆವು. ಪಕ್ಕದ ಮನೆಯವರು ಏನು ಕಂಡರೋ ನಾನರಿಯೆ.

ಹಲವು ದಿನ ಅದನ್ನು ಒಲೆಯ ಹತ್ತಿರ ಆರಲು ಬಿಟ್ಟೆ. ಊಟ ರುಚಿಸಲಿಲ್ಲ. ಕೊನೆಗೆ ಸಿರ್ಕಾಳೇ ನನ್ನ ಬೆರಳು ಹಿಡಿದು ಸ್ವಿಚ್ ಒತ್ತಿಸಿದಳು. ಫ್ಯಾನ್ ತಿರುಗಿತು. ಪರದೆ ಬೆಳಗಿತು. ನಿನ್ನ ಹಾಡು ತೆರೆದೆ: ಅಕಾರ್ಡಿಯನ್, ಪಿಟೀಲು, ಮೇಳ, ಮಾರ್ದನಿ, ಒಂದನ್ನೂ ತೆಗೆಯದೆ ಬಿಟ್ಟೆ. ನೀನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಉಸಿರಿಗೆ ಹರಿದೆ. ಒಂದು ಸಿಡಿತವಿಲ್ಲ! ಸಿರ್ಕಾ ನನ್ನನ್ನು ಎಳೆದುಕೊಂಡು ಅಡುಗೆಮನೆಯಲ್ಲೇ ಕುಣಿದಳು.

ಆದರೂ ಪೆಂಟ್ಟಿ ಹೆದರಿಸದೆ ಬಿಡಲಿಲ್ಲ. "ಜನ ಬರೋದು ಎದುರಿಗೆ ಹಾಡೋರಿಗೆ. ಯಂತ್ರ ಹಾಡಿದ್ರೆ ಎಲ್ಲಾ ಸಾಸೇಜ್ ಅಂಗಡಿ ಮುಂದೆ ಸಾಲು ನಿಲ್ತಾರೆ, ನೋಡ್ತಿರು."

ಮೇ ಒಂದರ ಸಂಜೆ ಕುಣಿತದ ಮನೆಯಲ್ಲಿ ದೀಪ ತಗ್ಗಿಸಿದರು. ನಾನು ಗುಂಡಿ ಒತ್ತಿ ಕಣ್ಣು ಮುಚ್ಚಿದೆ. ನೀನು ಶುರುಮಾಡಿದೆ. ಮೊದಲು ಹೆಜ್ಜೆಗಳ ಸದ್ದೇ ಇಲ್ಲ. ಆಮೇಲೆ ಹಲಗೆ ನೆಲ ಸರಸರ ಎನ್ನತೊಡಗಿತು. ಕಣ್ಣು ಬಿಟ್ಟರೆ ಕಾಲಿಡಲು ಜಾಗವಿಲ್ಲ! ನಮ್ಮಲ್ಲಿ ಎರಡು ಹಾಡಿಗೆ ಒಂದು ಜೋಡಿ, ಎರಡು ಮುಗಿದರೆ ಗಂಡಸು ಹೆಂಗಸನ್ನು ಅವಳ ಜಾಗಕ್ಕೆ ಬಿಟ್ಟು ಬರಬೇಕಲ್ಲವೇ? ನಿನ್ನ ಎರಡೂ ಮುಗಿದವು. ಯಾರೂ ಕದಲಲಿಲ್ಲ. ಜೋಡಿ ಜೋಡಿಯಾಗಿ ಕೈ ಬಿಡದೆ, ಮೂರನೆಯದಕ್ಕೆ ಕಾಯುತ್ತ ನಿಂತರು. ಮೂರನೆಯದು ಎಲ್ಲಿಂದ ತರಲಿ?

ಪೆಂಟ್ಟಿ ಅಕಾರ್ಡಿಯನ್ ಹೆಗಲಿಗೇರಿಸಿದ. "ಏನ್ ಬಾಯಿಬಿಟ್ಕೊಂಡು ನಿಂತಿದೀಯ? ಮೊದಲನೇದೇ ಹಾಕೋ!" ಎಂದ. ಹಾಕಿದೆ. ಅವನು ನಿನ್ನ ಜೊತೆ ನುಡಿಸಿದ, ಇಡೀ ಮನೆ ನಿನ್ನ ಜೊತೆ ಹಾಡಿತು.

ನಿನ್ನ ಎರಡೂ ಹಾಡನ್ನು ಡಿಸ್ಕಿನಲ್ಲಿ ಹಾಕಿ ಕಳಿಸಿದ್ದೇನೆ. ಮಿನ್ನಾಗೆ ಹೇಳಿ ಜೋರಾಗಿ ಇಡಿಸು. ಗಾಯಕ್ಕೆ ತಂಗಾಳಿ ತಾಗಿಸಬೇಡ, ಮಫ್ಲರ್ ಕಟ್ಟಿಕೋ. ಬೇಸಿಗೆ ನಿನ್ನ ಮೈಗೆ ಬಲ ತುಂಬಲಿ, ಮಿನ್ನಾಳ ಮನೆ ತಣ್ಣಗಿರಲಿ.

ನಿನ್ನ
ತೌನೊ

ಮರೆತಿದ್ದು: ಎರಡನೆಯ ಹಾಡು ಮುಗಿದ ಮೇಲೆ ನೀನು ಕೆಮ್ಮಿ, "ಏಯ್ ತೌನೊ, ಇನ್ನೊಂದ್ಸಲ ಹಾಡ್ಲೇನೋ?" ಅಂದದ್ದು ರೆಕಾರ್ಡಿಂಗಿನಲ್ಲಿ ಉಳಿದಿದೆ. ಹೊರಗಿನವರಿಗೆ ಕೊಟ್ಟದ್ದರಲ್ಲಿ ಕತ್ತರಿಸಿದ್ದೇನೆ, ನನ್ನದರಲ್ಲಿ ಕತ್ತರಿಸಲಿಲ್ಲ. ಕಳೆದ ಭಾನುವಾರ ಫೋನ್ ಬಂತು, ಬರೀ ಉಸಿರು ಕೇಳಿಸಿತು. ನಾನು "ಯಾರು?" ಅಂದೆ, ನೀನು ಇಟ್ಟುಬಿಟ್ಟೆ. ನೀನೇ ಎಂದು ಗೊತ್ತಿತ್ತು ಓಸ್ಮೊ. ಗೊತ್ತಿದ್ದೂ ಕೇಳಿದೆ, ಉತ್ತರ ಬಂದರೂ ಬಂದೀತು ಎಂದು. ಮತ್ತೆ ಮಾಡು. ಈ ಸಲ ಕೇಳುವುದಿಲ್ಲ. ನಾನೇ ಮಾತಾಡುತ್ತೇನೆ, ನೀನು ಉಸಿರಾಡುತ್ತಿರು.